ಧಾರಾವಿಯ ಓಣಿ, ಮುಂಬಯಿಯ ಮೈದಾನ

ಎಳೆಯ ಆಟಗಾರರನ್ನು ಕೌಮಾರದಲ್ಲಿಯೇ ಗುರುತಿಸಿ, ಅವರ ಯೋಗ್ಯತೆಯ ತಾರತಮ್ಯವನ್ನರಿತು, ಹಂತಹಂತವಾಗಿ ಬೆಳೆಸತಕ್ಕ ಪದ್ಧತಿಯು ಅಮೆರಿಕದ ಬೇಸ್‌ಬಾಲಿನಲ್ಲಿ ಕಿರಿಯ ಲೀಗುಗಳಿಂದ ರೂಪುಗೊಂಡುದಾದರೆ, ಮುಂಬಯಿಯ ಕ್ರಿಕೆಟ್ಟಿನಲ್ಲಿ ಅದು 19ನೆಯ ಶತಮಾನದ ಅಂತ್ಯದಲ್ಲಿ ಮೊದಲಾದ ಹ್ಯಾರಿಸ್ ಶೀಲ್ಡ್ ಎಂಬ ಶಾಲಾ ಪಂದ್ಯಾವಳಿಯಿಂದ ಬೇರೂರಿತು. 1988ರ ಫೆಬ್ರವರಿಯಲ್ಲಿ ಶಾರದಾಶ್ರಮ ವಿದ್ಯಾಮಂದಿರದ ಸಚಿನ್ ತೆಂಡೂಲ್ಕರ್, ವಿನೋದ್ ಕಾಂಬ್ಳಿಯವರು ಆಜಾದ್ ಮೈದಾನದಲ್ಲಿ ಮುರಿಯದ ಜೊತೆಯಾಟದಿಂದ 664 ಓಟಗಳನ್ನು ಗಳಿಸಿದುದು ಇದೇ ಪಂದ್ಯಾವಳಿಯಲ್ಲಿ. ಶಾಲೆಯನ್ನು ದಾಟಿದವರಿಗೆ 1948ರಲ್ಲಿ ಆರಂಭಗೊಂಡ ಕಾಂಗಾ ಲೀಗ್ ಇದ್ದಿತು. ಮಳೆಗಾಲದಲ್ಲಿ, ತೊಯ್ದ ಪಿಚ್ಚಿನ ಮೇಲೆ, ಚೆಂಡು ಎತ್ತ ತಿರುಗುವುದೆಂದು ತಿಳಿಯದಂತಹ ಆ ಪರೀಕ್ಷೆಯೇ ಮುಂಬಯಿಯ ದಾಂಡಿಗರ ತಾಳ್ಮೆಯನ್ನು ಹದಗೊಳಿಸಿತೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಮುಂಬಯಿಯ ಹೆಸರಾಂತ ಕ್ರಿಕೆಟ್ ಮೈದಾನವಾದ ಶಿವಾಜಿ ಪಾರ್ಕಿಗೆ ಅನತಿದೂರದಲ್ಲಿರುವ ಧಾರಾವಿಯ ಬಡಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಈ ಸೋಪಾನದ ಮೊದಲ ಮೆಟ್ಟಿಲೇ ಬಹುಮಟ್ಟಿಗೆ ದುರ್ಲಭವಾಗಿದ್ದಿತು. ಅಲ್ಲಿಯ ಓಣಿಗಳಲ್ಲಿ ಹುಡುಗರೊಡನೆ ಆಡುತ್ತ ಬೆಳೆದ ಸಿಮ್ರನ್ ಶೇಖ್ ಅವರನ್ನು, 2024ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಜರುಗಿದ ಮಹಿಳಾ ಪ್ರೀಮಿಯರ್ ಲೀಗ್ ಹರಾಜಿನಲ್ಲಿ, ಗುಜರಾತ್ ಜಯಂಟ್ಸ್ ತಂಡವು 1.90 ಕೋಟಿ ರೂಪಾಯಿಗಳಿಗೆ ಪಡೆದುಕೊಂಡಿತು. ಅವರ ಮೂಲಬೆಲೆಯು 10 ಲಕ್ಷವಾಗಿದ್ದಿತು, ಅಂದಿನ ಹರಾಜಿನ ಅತ್ಯಧಿಕ ಮೊತ್ತವು ಅವರದೇ ಆಯಿತು.