ಹೆಸರಿಲ್ಲದ ಗೋರಿಗಳು, ಅಡ್ಡಹೆಸರಾದ ಊರುಗಳು

ವರಾಛಾದಿಂದ ಉಡುಪಿ, ಮಂಗಳೂರಿಗೆ ಹೊರಟವರ ರೈಲು ಪನ್ವೇಲ್ ದಾಟಿದ ಮೇಲೆ ಪೇಣ್, ರೋಹಾ ಸ್ಟೇಷನ್‌ಗಳನ್ನು ಹಾದುಹೋಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ, ಅಲಿಬಾಗ್ ಬಳಿಯ ಕಡಲತಡಿಯಲ್ಲಿ ನವಗಾಂವ್ ಎಂಬ ಪುಟ್ಟ ಹಳ್ಳಿಯಿದೆ. ಬೆನೆ ಇಸ್ರೇಲ್ ಎಂದು ಕರೆಸಿಕೊಳ್ಳುವ ಯಹೂದಿಗಳ ಕಥೆ ಶುರುವಾಗುವುದೇ ಆ ಹಳ್ಳಿಯ ಸ್ಮಶಾನದಿಂದ.

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಇಲ್ಲಿ ಹಡಗೊಂದು ಒಡೆಯಿತು, 7 ಗಂಡಸರು, 7 ಹೆಂಗಸರು ಮಾತ್ರ ಬದುಕಿ ದಡ ಸೇರಿದರು ಎಂಬುದು ಅವರ ನಂಬಿಕೆ. ತೇಲಿಬಂದ ಹೆಣಗಳನ್ನು ಗಂಡಸರಿಗೊಂದು, ಹೆಂಗಸರಿಗೊಂದು ದಿಬ್ಬ ಮಾಡಿ ಹೂಳಿದರಂತೆ. ಈ ಕಥೆಗೆ ಶಾಸನದ ಆಧಾರವಿಲ್ಲ. ಆದರೂ ಒಂದಿಡೀ ಜನಾಂಗ ಅದನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದೆ. ಈಗ ಅಲ್ಲಿ ಸ್ಮಾರಕವಿದೆ.

ಬದುಕುಳಿದವರ ವಂಶದವರು ಗಾಣ ಹಿಡಿದರು, ಮರಾಠಿ ಕಲಿತರು. ಧರ್ಮಗ್ರಂಥ ಕೈಯಲ್ಲಿರಲಿಲ್ಲ, ಆದರೆ ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಸುತ್ತಲಿನವರು ಅವರನ್ನು ‘ಶನಿವಾರ್ ತೇಲಿ’ ಎಂದೇ ಕರೆದರು. ನೆಲೆಸಿದ ಊರೇ ಅಡ್ಡಹೆಸರಾಯಿತು. ಪೇಣ್‌ನವರು ಪೇಣ್‌ಕರ್, ರೋಹಾದವರು ರೋಹೇಕರ್, ಕಿಹೀಮ್‌ನವರು ಕೆಹೀಮ್‌ಕರ್. ನಾವು ಇನಿಷಿಯಲ್‌ನಲ್ಲಿ ಊರನ್ನು ಹೊತ್ತು ಸೂರತ್‌ವರೆಗೂ ಬಂದಿಲ್ಲವೇ, ಹಾಗೆಯೇ!

ಬ್ರಿಟಿಷರ ಕಾಲದಲ್ಲಿ ಸೈನ್ಯ, ಆಸ್ಪತ್ರೆ, ರೈಲ್ವೆ ಕೆಲಸ ಹಿಡಿದು ಇವರು ಹಳ್ಳಿ ಬಿಟ್ಟರು. ಅಹಮದಾಬಾದಿಗೆ ಬಂದವರು 1934ರಲ್ಲಿ ಅಲ್ಲಿ ಮಾಗೆನ್ ಅಬ್ರಹಾಂ ಸಿನಗಾಗ್ ಕಟ್ಟಿಸಿದರು. ಮಕ್ಕಳನ್ನು ಕರೆದುಕೊಂಡು ನಾವು ಹೋಗುವ ಕಾಂಕರಿಯಾ ಪ್ರಾಣಿಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ರೂಬೆನ್ ಡೇವಿಡ್ ಇದೇ ಸಮುದಾಯದವರು. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೋದರು. ಅಲ್ಲಿನ ಧರ್ಮಗುರುಗಳಲ್ಲಿ ಹಲವರು ಇವರನ್ನು ಪೂರ್ಣ ಯಹೂದಿಗಳೆಂದು ಒಪ್ಪಲು ಹಿಂಜರಿದರು. ಶತಮಾನಗಳ ಕಾಲ ಶನಿವಾರ ಗಾಣ ನಿಲ್ಲಿಸಿದವರ ಮೊಮ್ಮಕ್ಕಳು ಧರಣಿ ಕೂರಬೇಕಾಯಿತು. 1964ರಲ್ಲಿ ಇಸ್ರೇಲ್ ಸರ್ಕಾರ ಇವರಿಗೆ ಸಮಾನ ಹಕ್ಕಿದೆ ಎಂದು ಘೋಷಿಸಿತು. ಗುಜರಾತ್ ಸರ್ಕಾರ ಯಹೂದಿಗಳಿಗೆ ಅಲ್ಪಸಂಖ್ಯಾತರ ಸ್ಥಾನ ಕೊಟ್ಟದ್ದು 2018ರಲ್ಲಿ, ಇಲ್ಲಿ ಕೆಲವೇ ಮಂದಿ ಉಳಿದಿದ್ದಾಗ.

ಕೊಂಕಣದ ಹಳ್ಳಿಗಳಲ್ಲಿ ಅವರ ಮನೆಗಳು ಕೈ ಬದಲಾದವು, ಗೋರಿಗಳು ಉಳಿದವು. ನಮ್ಮ ಬೆಂಗಳೂರಿನಲ್ಲೂ ಒಂದು ಯಹೂದಿ ಸ್ಮಶಾನವಿದೆ, ಮಾಗಡಿ ರಸ್ತೆಯಲ್ಲಿ. ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, 1904ರಲ್ಲಿ. ಅಲ್ಲಿ ಮೊದಲು ಮಣ್ಣಾದವರು ಸುಬೇದಾರ್ ಸ್ಯಾಮ್ಯುಯೆಲ್ ನಾಗಾಂವ್‌ಕರ್. ನಾಗಾಂವ್ ಕೂಡ ಅಲಿಬಾಗ್ ಪಕ್ಕದ್ದೇ ಒಂದು ಹಳ್ಳಿ.