ಚಿಕ್ಕೋಡಿ–ಅಥಣಿ ಪ್ರದೇಶದ ಸರದಾರ ಮನೆತನಗಳು

ಚಿಕ್ಕೋಡಿ–ಅಥಣಿ ಪ್ರದೇಶದ ಸರದಾರ ಮನೆತನಗಳು ಇಂದಿನ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗಗಳಲ್ಲಿ 18 ಹಾಗೂ 19ನೆಯ ಶತಮಾನಗಳಲ್ಲಿ ಪ್ರಭಾವ ಹೊಂದಿದ್ದ ಜಹಗೀರದಾರ ಕುಟುಂಬಗಳು. ಇವುಗಳಲ್ಲಿ ನಿಪ್ಪಾಣಿಯ ನಿಂಬಾಳ್ಕರ್ ದೇಸಾಯಿಗಳು ಹಾಗೂ ಪಟವರ್ಧನರು ಪ್ರಮುಖರು. ಕೊಲ್ಹಾಪುರದ ಛತ್ರಪತಿ ಮತ್ತು ಪುಣೆಯ ಪೇಶ್ವೆ ನಡುವಿನ ಪೈಪೋಟಿಯೇ ಈ ಮನೆತನಗಳ ರಾಜಕೀಯ ಬಲಕ್ಕೆ ಆಧಾರವಾಗಿತ್ತು.

ಹಿನ್ನೆಲೆ

1731ರ ವಾರಣಾ ಒಪ್ಪಂದದಿಂದ ಮರಾಠಾ ರಾಜ್ಯವು ಸಾತಾರಾ ಮತ್ತು ಕೊಲ್ಹಾಪುರ ಎಂಬ ಎರಡು ಗಾದಿಗಳಾಗಿ ಅಧಿಕೃತವಾಗಿ ವಿಭಜನೆಗೊಂಡಿತು. ಆಗ ಅಥಣಿಯು ಸಾತಾರಾದ ಪಾಲಿಗೆ ಸೇರಿತು. ಈ ಗಡಿಪ್ರದೇಶದಲ್ಲಿ ಸರದಾರರು ಸರಂಜಾಮು ಪದ್ಧತಿಯ ಮೇರೆಗೆ ಭೂಮಿಯನ್ನು ಪಡೆಯುತ್ತಿದ್ದರು. ಭೂಮಿಯ ಕಂದಾಯಕ್ಕೆ ಪ್ರತಿಯಾಗಿ ನಿಗದಿತ ಸಂಖ್ಯೆಯ ಕುದುರೆ ಸವಾರರನ್ನು ಒದಗಿಸುವುದು ಅವರ ಕರ್ತವ್ಯವಾಗಿತ್ತು. ಸೈನ್ಯವು ಸರದಾರನ ಕೈಯಲ್ಲೇ ಇದ್ದುದರಿಂದ ಅರಸನು ಅವನನ್ನು ಸುಲಭವಾಗಿ ಕಡೆಗಣಿಸುವಂತಿರಲಿಲ್ಲ.

ಪಟವರ್ಧನರು

ಹರಿಭಟ್ಟರ ವಂಶಜರಾದ ಪಟವರ್ಧನರು ಮಿರಜ, ಕುರುಂದವಾಡ, ತಾಸಗಾವ ಮೊದಲಾದ ಶಾಖೆಗಳಾಗಿ ಬೆಳೆದರು. ಪರಶುರಾಮಭಾವು ಪಟವರ್ಧನ (1740–1799) 1790–91ರ ಧಾರವಾಡ ಮುತ್ತಿಗೆಯನ್ನು ಮುನ್ನಡೆಸಿದನು. 1795ರಲ್ಲಿ ಸವಾಯಿ ಮಾಧವರಾವ್ ಪೇಶ್ವೆ ನಿಧನನಾದ ನಂತರ ಉಂಟಾದ ಉತ್ತರಾಧಿಕಾರದ ವಿವಾದದಲ್ಲಿ ಇವನ ಪಾತ್ರ ನಿರ್ಣಾಯಕವಾಗಿತ್ತು. 1796ರಲ್ಲಿ ಇವನ ಬೆಂಬಲದಿಂದ ಚಿಮಾಜಿ ಅಪ್ಪಾ ಪೇಶ್ವೆಯಾದರೂ ಅದೇ ವರ್ಷ ಎರಡನೆಯ ಬಾಜಿರಾವನು ಅಧಿಕಾರಕ್ಕೆ ಬಂದನು. ಪರಶುರಾಮಭಾವು ಬಂಧನಕ್ಕೊಳಗಾದನು. ಈ ಸಂದರ್ಭವನ್ನು ಬಳಸಿಕೊಂಡ ಕೊಲ್ಹಾಪುರದ ಸೈನ್ಯವು ಪಟವರ್ಧನರ ಪ್ರದೇಶಗಳ ಮೇಲೆ ದಾಳಿ ನಡೆಸಿತು. ಬಿಡುಗಡೆಯ ನಂತರ ಕೊಲ್ಹಾಪುರದ ವಿರುದ್ಧ ದಂಡೆತ್ತಿ ಹೋದ ಅವನು 1799ರ ಸೆಪ್ಟೆಂಬರ್‌ನಲ್ಲಿ ಪಟ್ಟಣಕುಡಿಯ ಕದನದಲ್ಲಿ ಮಡಿದನು.

ನಿಪ್ಪಾಣಿಯ ದೇಸಾಯಿಗಳು

ಅಪ್ಪಾ ದೇಸಾಯಿ ನಿಪ್ಪಾಣಿಕರ ಎಂದು ಪ್ರಸಿದ್ಧನಾದ ಸಿದ್ದೋಜಿರಾವ್ ನಾಯಕ ನಿಂಬಾಳ್ಕರ್ ಪೇಶ್ವೆಯ ಪಕ್ಷ ವಹಿಸಿ ‘ಸರಲಷ್ಕರ್’ ಎಂಬ ಪದವಿಯನ್ನು ಪಡೆದನು. 1803ರಲ್ಲಿ ಬಾಜಿರಾವನನ್ನು ಮರಳಿ ಅಧಿಕಾರಕ್ಕೆ ತರಲು ಹೊರಟ ಆರ್ಥರ್ ವೆಲ್ಲೆಸ್ಲಿಯ ಸೈನ್ಯವನ್ನು ಇವನ ಸವಾರರು ಸೇರಿಕೊಂಡರು. ಕೊಲ್ಹಾಪುರದ ಅಧೀನದಲ್ಲಿದ್ದ ಚಿಕ್ಕೋಡಿ ಮತ್ತು ಮುನವಳ್ಳಿ ಪ್ರಾಂತ್ಯಗಳನ್ನು ಅವನು ವಶಪಡಿಸಿಕೊಂಡದ್ದು ದೀರ್ಘ ಕಲಹಕ್ಕೆ ಕಾರಣವಾಯಿತು. ಸಂಧಾನದ ಅಂಗವಾಗಿ ಕೊಲ್ಹಾಪುರದ ರಾಜಮನೆತನದೊಡನೆ ವಿವಾಹ ಸಂಬಂಧ ಏರ್ಪಟ್ಟರೂ ವೈರ ಶಮನವಾಗಲಿಲ್ಲ.

ಈಸ್ಟ್ ಇಂಡಿಯಾ ಕಂಪನಿಯ ಮಧ್ಯಸ್ಥಿಕೆ

1812ರಲ್ಲಿ ಪುಣೆಯ ರೆಸಿಡೆಂಟ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಪಂಢರಪುರದಲ್ಲಿ ಪೇಶ್ವೆ ಮತ್ತು ದಕ್ಷಿಣದ ಜಹಗೀರದಾರರ ನಡುವೆ ಒಪ್ಪಂದ ಮಾಡಿಸಿದನು. ಸರದಾರರು ಪೇಶ್ವೆಗೆ ಸೇವೆ ಸಲ್ಲಿಸಬೇಕು, ಅವರ ಭೂಮಿಗೆ ಕಂಪನಿಯು ಭರವಸೆ ನೀಡಬೇಕು ಎಂಬುದು ಇದರ ಸಾರಾಂಶ. ಅದೇ ವರ್ಷ ಕೊಲ್ಹಾಪುರವು ಚಿಕ್ಕೋಡಿ ಮತ್ತು ಮುನವಳ್ಳಿಗಳ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿತು. 1817ರ ಯುದ್ಧದಲ್ಲಿ ಕಂಪನಿಯ ಪಕ್ಷ ವಹಿಸಿದ್ದಕ್ಕಾಗಿ ಅವು ಕೊಲ್ಹಾಪುರಕ್ಕೆ ಮರಳಿ ದೊರೆತವು. 1829ರಲ್ಲಿ ಕಂಪನಿಯೇ ಅವನ್ನು ಹಿಂಪಡೆಯಿತು.

ಅಧಿಕಾರದ ಅಂತ್ಯ

ಪೇಶ್ವೆಯ ಆಡಳಿತ 1818ರಲ್ಲಿ ಕೊನೆಗೊಂಡ ಬಳಿಕ ಎರಡು ದರ್ಬಾರುಗಳ ನಡುವೆ ಪಕ್ಷ ಬದಲಿಸುವ ಅವಕಾಶ ಸರದಾರರಿಗೆ ಉಳಿಯಲಿಲ್ಲ. ಅಲ್ಲಿಂದ ಮುಂದೆ ಮನೆತನದ ಅಳಿವು ಉಳಿವು ಗಂಡು ಸಂತಾನವನ್ನೂ ದತ್ತಕಕ್ಕೆ ಕಂಪನಿ ನೀಡುವ ಮಾನ್ಯತೆಯನ್ನೂ ಅವಲಂಬಿಸಿತು. 1839ರಲ್ಲಿ ಸಿದ್ದೋಜಿರಾವ್ ಗಂಡು ಸಂತಾನವಿಲ್ಲದೆ ನಿಧನನಾದಾಗ ನಿಪ್ಪಾಣಿ ಸಂಸ್ಥಾನವು, ಅದರೊಡನೆ ಅಥಣಿಯೂ, ಬ್ರಿಟಿಷರ ವಶವಾಯಿತು. 1841ರಲ್ಲಿ ಅರಬ್ ಸಿಪಾಯಿಗಳು ನಿಪ್ಪಾಣಿಯ ಕೋಟೆಯನ್ನು ಆಕ್ರಮಿಸಿದರಾದರೂ ಬ್ರಿಟಿಷರು ಅದನ್ನು ಮರುವಶಪಡಿಸಿಕೊಂಡರು. ಕುರುಂದವಾಡದ ಪಟವರ್ಧನರಿಂದ 1811ರಲ್ಲಿ ಬೇರ್ಪಟ್ಟ, ಇಂದಿನ ಕಾಗವಾಡ ತಾಲೂಕಿನ ಶೇಡಬಾಳ ಶಾಖೆಯು 1857ರಲ್ಲಿ ಇದೇ ರೀತಿ ಕೊನೆಗೊಂಡಿತು.

ರಾಯಬಾಗವು ಮಾತ್ರ ಕೊಲ್ಹಾಪುರ ಸಂಸ್ಥಾನದಲ್ಲಿ ಮುಂದುವರಿಯಿತು. 1949ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಈ ಇಡೀ ಪ್ರದೇಶವು ಮೈಸೂರು ರಾಜ್ಯಕ್ಕೆ ಸೇರಿತು.