ಕೀಲೆಣ್ಣೆಯ ಪೂರ್ವೋತ್ತರ

ಘರ್ಷಣೆಯನ್ನು ತಗ್ಗಿಸತಕ್ಕ, ಆದರೆ ನೆಲಕ್ಕೆ ಬಿದ್ದೊಡನೆ ಮಣ್ಣಿನಲ್ಲಿಯೇ ಲೀನವಾಗಿಹೋಗತಕ್ಕ ಲೇಪನಗಳಿಗಾಗಿ ಇಂದಿನ ಕೈಗಾರಿಕೆಯು ಪ್ರಯಾಸಪಡುತ್ತಿರುವ ಸುದ್ದಿಯನ್ನು ಕೇಳಿದರೆ, ಎತ್ತಿನ ಗಾಡಿಯ ಕಾಲವನ್ನು ಬಲ್ಲ ನಮ್ಮ ಹಳ್ಳಿಗರಿಗೆ ಕೀಲೆಣ್ಣೆಯ ನೆನಪಾಗದೆ ಇರದು.

ಅಚ್ಚಿಗೆ ಜಿಡ್ಡು ಸವರುವ ಪದ್ಧತಿ ಬಹು ಪುರಾತನವಾದುದು. ಅಭ್ಯಂಗದ ಪ್ರಯೋಜನವನ್ನು ಮನಗಾಣಿಸುವುದಕ್ಕೆ ಚರಕಸಂಹಿತೆಯ ಸೂತ್ರಸ್ಥಾನವು ಆಯ್ದುಕೊಂಡ ದೃಷ್ಟಾಂತಗಳಲ್ಲಿ ಎಣ್ಣೆಯುಂಡ ಬಂಡಿಯ ಅಚ್ಚೂ ಒಂದು. ವೈದ್ಯನ ಉಪದೇಶಕ್ಕೆ ಅದು ಉಪಮಾನವಾಗಬೇಕಾದರೆ ಆ ರೂಢಿ ಅಂದಿಗೇ ಸರ್ವಜನವಿದಿತವಾಗಿದ್ದಿರಲೇಬೇಕು. ನಮ್ಮ ನಾಡಿನಲ್ಲಿ ಈ ಕಾರ್ಯಕ್ಕೆ ಒದಗಿದುದು ಹರಳೆಣ್ಣೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹರಳಿನ ಬೇಸಾಯವನ್ನೂ ಎಣ್ಣೆ ತೆಗೆಯುವ ಕ್ರಮವನ್ನೂ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಬೀಜವನ್ನು ಹುರಿದು, ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಸಿದುಕೊಳ್ಳುವ ಆ ವಿಧಾನಕ್ಕೆ ಗಾಣದ ಹಂಗೂ ಇರಲಿಲ್ಲ.

ಈ ಎಣ್ಣೆಗೆ ಹುಲ್ಲು ಸುಟ್ಟ ಕರಿಯನ್ನು ಕಲಸಿದರೆ ಕೀಲೆಣ್ಣೆ. ದೂರದ ಪ್ರಯಾಣಕ್ಕೆ ಹೊರಟ ಗಾಡಿಯವನು ಅಚ್ಚಿಗೆ ಆನಿಕೆ ಕೊಟ್ಟು, ಕಡಾಣಿಯನ್ನು ಕಿತ್ತು, ಗಾಲಿಯನ್ನು ಗೇಣಷ್ಟು ಹೊರಕ್ಕೆ ಸರಿಸಿ, ಕಡ್ಡಿಗೆ ಸುತ್ತಿದ ಚಿಂದಿಯಿಂದ ಅಚ್ಚಿನ ಸುತ್ತಲೂ ಆ ಕರಿಯ ಲೇಪವನ್ನು ಬಳಿದು, ಗಾಲಿಯನ್ನು ಒಳಕ್ಕೆ ನೂಕಿ ನಾಲ್ಕು ಸುತ್ತು ತಿರುಗಿಸಿದನೆಂದರೆ ಕಿರುಗುಟ್ಟುವಿಕೆ ನಿಂತುಹೋಗುತ್ತಿತ್ತು. ಹಾದಿಯುದ್ದಕ್ಕೂ ತೊಟ್ಟಿಕ್ಕಿದುದನ್ನು ಮಣ್ಣು ಜೀರ್ಣಿಸಿಕೊಳ್ಳುತ್ತಿತ್ತು. ಪಂಚೆಗೆ ತಗುಲಿದ ಕಲೆ ಮಾತ್ರ ಸೀಗೆಗೂ ಚೌಳಿಗೂ ಜಗ್ಗುತ್ತಿರಲಿಲ್ಲ.

ಹರಳೆಣ್ಣೆಯ ಶಕ್ತಿಯ ಮೂಲ ಅದರ ರಚನೆಯಲ್ಲಿದೆ. ಅದರ ಮೇದಾಮ್ಲಗಳಲ್ಲಿ ಶೇಕಡ 85ರಿಂದ 90ರಷ್ಟು ರಿಸಿನೊಲಿಯಿಕ್ ಆಮ್ಲ. ಆ ಆಮ್ಲದಲ್ಲಿರುವ ಹೈಡ್ರಾಕ್ಸಿಲ್ ಗುಂಪಿನ ದೆಸೆಯಿಂದ ಎಣ್ಣೆ ಮಂದವಾಗಿಯೂ ಲೋಹಕ್ಕೆ ಬಿಗಿಯಾಗಿ ಅಂಟುವುದಾಗಿಯೂ ಇರುತ್ತದೆ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. 1914-18ರ ಮಹಾಯುದ್ಧದ ವಿಮಾನಗಳಿಗೆ ಈ ಗುಣವೇ ಬೇಕಾಯಿತು. ನೋಮ್, ಲ ರೋನ್ ಮುಂತಾದ, ಸಿಲಿಂಡರುಗಳೇ ಗಿರಗಿರನೆ ತಿರುಗುವ ಯಂತ್ರಗಳಲ್ಲಿ ಇಂಧನವು ಕ್ರ್ಯಾಂಕ್ ಪೆಟ್ಟಿಗೆಯ ಮೂಲಕವೇ ಹಾದುಹೋಗುತ್ತಿದ್ದುದರಿಂದ ಖನಿಜತೈಲವಾದರೆ ಅದರಲ್ಲಿ ಕರಗಿ ತೆಳುವಾಗುತ್ತಿತ್ತು. ವೇಕ್‌ಫೀಲ್ಡ್ ಸಂಸ್ಥೆಯು 1909ರಲ್ಲಿ ಮಾರುಕಟ್ಟೆಗೆ ತಂದ ಕ್ಯಾಸ್ಟ್ರಾಲ್ ಎಂಬ ಎಣ್ಣೆಯ ಹೆಸರಿನಲ್ಲಿಯೂ ಹರಳೇ (ಇಂಗ್ಲಿಷಿನ ‘ಕ್ಯಾಸ್ಟರ್’) ಅಡಗಿದೆ.

ಹಾಗಿದ್ದರೂ ಅದು ಪದಚ್ಯುತವಾಯಿತು. 1859ರಲ್ಲಿ ಪೆನ್ಸಿಲ್ವೇನಿಯದಲ್ಲಿ ಡ್ರೇಕ್ ಎಂಬಾತನು ಕೊರೆಯಿಸಿದ ಎಣ್ಣೆಬಾವಿಯಿಂದ ಮೊದಲ್ಗೊಂಡು ಭೂತೈಲವು ಅಗ್ಗವಾಗಿ ಹರಿಯತೊಡಗಿತು. 1938ರಲ್ಲಿ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡ ಟೆಫ್ಲಾನ್, ಜಾರುವಿಕೆಯಲ್ಲಿ ಅಸಾಧಾರಣವಾದುದೇ ಆದರೂ, ಮಣ್ಣಿನಲ್ಲಿ ಕೊಳೆಯುವುದೆಂಬುದನ್ನೇ ಅರಿಯದು. ಅದರ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎ ಎಂಬ ದ್ರವ್ಯವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ನಿಷಿದ್ಧಪಟ್ಟಿಗೆ ಸೇರಿಸಬೇಕಾಯಿತು. ಇಷ್ಟರಿಂದಲೇ ಹರಳೆಣ್ಣೆಯನ್ನು ನಿರ್ದುಷ್ಟವೆನ್ನುವುದು ಪಕ್ಷಪಾತವಾದೀತು. ಅದು ಗಾಳಿಗೂ ಕಾವಿಗೂ ಸಿಕ್ಕಿ ಮೇಣದಂತೆ ಗಟ್ಟಿಕಟ್ಟುತ್ತದೆ. ವಿಮಾನಯಂತ್ರಗಳನ್ನು ಪದೇ ಪದೇ ಬಿಚ್ಚಿ ಶುದ್ಧಿಮಾಡಬೇಕಾಗಿದ್ದುದಕ್ಕೆ ಇದೂ ಒಂದು ಕಾರಣ. ಹೊಸ ಲೇಪನಗಳನ್ನು ಅರಸುವವರು ಮೊದಲು ಬಿಡಿಸಬೇಕಾದ ಗಂಟೂ ಇದೇ: ಯಂತ್ರದೊಳಗೆ ಕೆಡದೆ ನಿಲ್ಲಬೇಕಾದ ವಸ್ತು ಹೊರಬಿದ್ದೊಡನೆ ಕೆಡಬೇಕು.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಕೀಲೆಣ್ಣೆಯನ್ನು ಮೂಲೆಗೊತ್ತಿದ ಡಬ್ಬದ ಗ್ರೀಸು ಹರಳಿನ ಋಣವನ್ನು ಪೂರ್ತಿಯಾಗಿ ಕಳೆದುಕೊಂಡಿಲ್ಲ. ಇಂದು ಲೋಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಲಿಥಿಯಂ ಗ್ರೀಸಿನಲ್ಲಿ ಎಣ್ಣೆ ಬಹುಮಟ್ಟಿಗೆ ಭೂಮಿಯೊಳಗಿನದಾದರೂ, ಅದನ್ನು ಹಿಡಿದು ಗಟ್ಟಿಯಾಗಿ ನಿಲ್ಲಿಸುವ ಸಾಬೂನಿನಂಥ ಅಂಶವನ್ನು ಹರಳೆಣ್ಣೆಯಿಂದಲೇ ಸಿದ್ಧಪಡಿಸುತ್ತಾರೆ. ಆ ಹರಳನ್ನು ಜಗತ್ತಿನಲ್ಲೆಲ್ಲ ಅತಿಹೆಚ್ಚಾಗಿ ಬೆಳೆಯುವ ದೇಶ ಭಾರತ, ಭಾರತದಲ್ಲಿ ಗುಜರಾತು.